ನನ್ನ ಏಕೈಕ ರಸಿಕನ ಎಡಗಿವಿ

ಈಗಿನ ಜನರಿಗೆ ಬಾಯಿ ಬಿಟ್ಟು ಮಾತಾಡಲು ಏನು ಧಾಡಿಯೋ ನನಗೆ ಅರ್ಥವಾಗುವುದಿಲ್ಲ. ಟೀವಿಯಲ್ಲಿ ವಾರ್ತೆ ಓದುವವಳು ಯಾರದೋ ಮನೆಯ ಗುಟ್ಟು ಹೇಳುವವಳಂತೆ ಪಿಸುಗುಟ್ಟುತ್ತಾಳೆ. ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರನ್ನು ಹಲ್ಲಿನ ಸಂದಿಯಲ್ಲೇ ನುಂಗಿಬಿಡುತ್ತಾನೆ. ಅಂಗಡಿಯವನು ಸುಮ್ಮನೆ ತುಟಿ ಅಲ್ಲಾಡಿಸುತ್ತಾನೆ. ನಾನು ಕೇಳಿದ ಸೋಪು ಇದೆಯೋ ಇಲ್ಲವೋ ತಿಳಿಯದೆ ಅವನ ಮುಖ ನೋಡುತ್ತಾ ನಿಂತಿರುತ್ತೇನೆ. ಮನೆಗೆ ಬಂದರೆ ಅಲ್ಲೂ ಇದೇ ಪಾಡು. ನನ್ನ ಹೆಂಡತಿಯದು ಒಂದು ಕಾಲಕ್ಕೆ ಎಂಥ ಕಂಠ ಅಂತೀರಿ! ಅಡಿಗೆಮನೆಯಿಂದ ಒಮ್ಮೆ ಕರೆದರೆ ಬೀದಿಯ ಕೊನೆಯಲ್ಲಿದ್ದ ನಾನು ಚಪ್ಪಲಿಯನ್ನು ಅದಲುಬದಲು ಮೆಟ್ಟಿಕೊಂಡು ಓಡಿ ಬರುತ್ತಿದ್ದೆ. (ನನ್ನ ಜತೆ ಇನ್ನೂ ಒಬ್ಬಿಬ್ಬರು ಗಂಡಂದಿರು ತಮ್ಮನ್ನೇ ಕರೆದರೆಂದು ಓಡುತ್ತಿದ್ದರು.) ಅಂಥವಳು ಈಗ ಪಕ್ಕದಲ್ಲೇ ಕುಳಿತು ಏನೋ ಗೊಣಗುತ್ತಾಳೆ. "ಏನಂದೆ?" ಎಂದರೆ ಇನ್ನೊಮ್ಮೆ ಗೊಣಗುತ್ತಾಳೆ. ಮತ್ತೆ ಕೇಳಿದರೆ ಮಾತ್ರ ಆ ಹಳೆಯ ಕಂಠ ಹೊರಬೀಳುತ್ತದೆ, ಆದರೆ ಅದರ ಬೆನ್ನಿಗೇ ನನ್ನ ವಂಶದ ಬಗ್ಗೆಯೂ ನಾಲ್ಕು ಮಾತು ಬರುತ್ತವೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಆಗ ನಾನೊಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ನನ್ನ ಮೇಜಿಗೂ ದೊಡ್ಡ ಮಿಷನ್ನಿಗೂ ನಡುವೆ ಒಂದು ಹಲಗೆಯ ಗೋಡೆ, ಅಷ್ಟೆ. ಅದು ಬೆಳಗಿನಿಂದ ಸಂಜೆಯವರೆಗೆ ದಡಬಡ ದಡಬಡ ಎಂದು ಬಡಿದುಕೊಳ್ಳುತ್ತಿತ್ತು. ಅಲ್ಲಿ ಮಾತಾಡುವವರೆಲ್ಲ ಕೂಗಿಯೇ ಮಾತಾಡಬೇಕು. ಮಾಲೀಕರು "ಒಳ್ಳೇ ಕೆಲಸ ಮಾಡಿದಿರಿ" ಎಂದರೂ ಅದು ಕೆಲಸದಿಂದ ಕಿತ್ತುಹಾಕಿದಂತೆ ಕೇಳುತ್ತಿತ್ತು. ಮನುಷ್ಯರಿರಲಿ, ನಮ್ಮ ಮನೆಯ ನಾಯಿ ಕೂಡ ಬೊಗಳಿದರೆ ಕಿಟಕಿಯ ಗಾಜು ಗಿಲಿಗಿಲಿ ಎನ್ನುತ್ತಿತ್ತು.

ಅವನ ಹೆಸರು ದೊರೆ. ಈಚೆಗೆ ಅವನ ನೆನಪು ಬಹಳ ಬರುತ್ತದೆ. ಬಾಗಿಲ ಬಳಿ ಚಪ್ಪಲಿ ಬಿಡುವಾಗ ಇಂದಿಗೂ ಕಾಲು ತಾನಾಗಿಯೇ ಅವನು ಮಲಗುತ್ತಿದ್ದ ಜಾಗವನ್ನು ಬಳಸಿಕೊಂಡು ಹೋಗುತ್ತದೆ. ಅವನ ಕಥೆ ಹೇಳಬೇಕಾದರೆ ಮೊದಲು ನನ್ನ ಪಿಟೀಲಿನ ಕಥೆ ಹೇಳಬೇಕು. ದಯವಿಟ್ಟು ಎದ್ದು ಹೋಗಬೇಡಿ. ನುಡಿಸುವುದಿಲ್ಲ, ಬರೀ ಹೇಳುತ್ತೇನೆ.

ಪಿಟೀಲು ನನ್ನ ಮಾವನವರದು. ಅವರು ಬಹಳ ಚೆನ್ನಾಗಿ ನುಡಿಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಕಪ್ಪು ಪೆಟ್ಟಿಗೆ ಮಗಳ ಪಾಲಿಗೆ ಬಂತು, ಬಂದು ನಮ್ಮ ಬೀರುವಿನ ಮೇಲೆ ಕುಳಿತಿತ್ತು. ಅಷ್ಟರಲ್ಲಿ ನಮ್ಮ ಅಚ್ಚುಕೂಟಕ್ಕೆ ಮನೆಯಲ್ಲೇ ಕುಳಿತು ಪಿಟೀಲು ಕಲಿಯುವ ಬಗೆಯನ್ನು ಹೇಳುವ ಒಂದು ಪುಸ್ತಕ ಅಚ್ಚಿಗೆ ಬಂತು. ಕರಡು ತಿದ್ದುತ್ತಾ ತಿದ್ದುತ್ತಾ ನನಗೆ ಜ್ಞಾನೋದಯವಾಯಿತು: ಇಷ್ಟು ಸುಲಭವೇ! ಮೊದಲ ಕರಡಿನ ಒಂದು ಪ್ರತಿಯನ್ನು ಮನೆಗೆ ತಂದೆ, ಪೆಟ್ಟಿಗೆ ಇಳಿಸಿದೆ, ಸಾಧನೆ ಶುರುಮಾಡಿದೆ. ಮೊದಲ ಕರಡಿನಲ್ಲಿ ಪುಟಗಳು ಹಿಂದುಮುಂದಾಗಿದ್ದುದನ್ನು ಅಚ್ಚುಕೂಟದಲ್ಲಿ ನಾನೇ ಗುರುತು ಹಾಕಿ ಸರಿಪಡಿಸಿದ್ದೆ. ಮನೆಯ ಪ್ರತಿಯಲ್ಲಿ ಸರಿಪಡಿಸಿಕೊಳ್ಳಲು ಮರೆತಿದ್ದೆ. ಹೀಗಾಗಿ ನಾನು ಕಮಾನು ಹಿಡಿಯುವುದನ್ನು ಕಲಿಯುವ ಮೊದಲೇ ಕಚೇರಿ ಮುಗಿಸುವುದನ್ನು ಕಲಿತೆ.

ನನ್ನ ಸಂಗೀತಕ್ಕೆ ಬೀದಿಯ ಪ್ರತಿಕ್ರಿಯೆ ಉತ್ಸಾಹದಾಯಕವಾಗಿರಲಿಲ್ಲ. ಎದುರುಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ನಾನು ಪೆಟ್ಟಿಗೆಯ ಚಿಲಕ ತೆಗೆದ 'ಟಕ್' ಶಬ್ದಕ್ಕೇ ಅವರ ಕಿಟಕಿ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು. ನಾವು ಅವರಿಗೆ ಕಿಟಕಿ ಮೇಷ್ಟ್ರು ಎಂದೇ ಹೆಸರಿಟ್ಟಿದ್ದೆವು. ನನ್ನವಳೋ, ಎರಡು ಕಿವಿಗೂ ಹತ್ತಿ ತುರುಕಿಕೊಂಡು ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಅಪ್ಪನ ಪಿಟೀಲು ಅದು. ಏನು ಪಾಪ ಮಾಡಿತ್ತು ಅದು?" ಎಂದು ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದಳು. ನಾನು ಅದನ್ನು ತಂದೆಯ ನೆನಪಿನ ಕಣ್ಣೀರೆಂದೇ ತಿಳಿದು ಇನ್ನಷ್ಟು ಹೊತ್ತು ನುಡಿಸಿದೆ.

ಇಂಥ ರಸಹೀನ ಪ್ರಪಂಚಕ್ಕೆ ದೊರೆ ಬಂದ. ಮಹಡಿಯ ಮೇಲಿನ ಬಾಡಿಗೆಯವರು ವರ್ಗವಾಗಿ ಹೋಗುವಾಗ ಒಂದು ಏಣಿ, ಎರಡು ಹೂಕುಂಡ ಮತ್ತು ಒಂದು ನಾಯಿ ಬಿಟ್ಟುಹೋದರು. ಏಣಿಯನ್ನು ಆಮೇಲೆ ಬಂದು ಒಯ್ದರು. ನಾಯಿ ಕಂದುಬಣ್ಣದ್ದು, ಕುಳ್ಳು. ಮೈಗಿಂತ ಅದರ ಕಿವಿಗಳೇ ಹೆಚ್ಚು ತೂಗುತ್ತಿದ್ದಿರಬೇಕು. ನೀರು ಕುಡಿಯಲು ಬಗ್ಗಿದರೆ ಬಾಯಿಗಿಂತ ಮೊದಲು ಕಿವಿಗಳು ಬಟ್ಟಲಿಗಿಳಿಯುತ್ತಿದ್ದವು. ಕುಡಿದು ಹೊರಟನೆಂದರೆ ಅಡಿಗೆಮನೆಯಿಂದ ನಡುಮನೆಯವರೆಗೆ ನೆಲದ ಮೇಲೆ ಎರಡು ನೀರಿನ ಗೆರೆ. ಅವನ ನಡೆಯಲ್ಲಿ ಯಾವುದೋ ರಾಜ್ಯ ಕಳೆದುಕೊಂಡವರ ಗಾಂಭೀರ್ಯವಿತ್ತು, ಅದಕ್ಕೇ ದೊರೆ.

ದೊರೆಯ ಸ್ನಾನದ ಇಲಾಖೆ ನನ್ನದು. ಭಾನುವಾರ ಭಾನುವಾರ ಅವನನ್ನು ಬಚ್ಚಲಲ್ಲಿ ನಿಲ್ಲಿಸಿ ತಲೆಯ ಮೇಲೆ ಚೊಂಬು ಚೊಂಬಾಗಿ ಸುರಿಯುತ್ತಿದ್ದೆ. ಅಷ್ಟಕ್ಕೇ ಬಿಡದೆ ಕಿವಿ ಎತ್ತಿ ಒಳಕ್ಕೂ ಧಾರೆ ಹಿಡಿಯುತ್ತಿದ್ದೆ. ಕರಡು ತಿದ್ದುವವನಲ್ಲವೇ, ಮೂಲೆಮೂಲೆಯೂ ಸ್ವಚ್ಛವಾಗಬೇಕು.

ಒಂದು ಸಂಜೆ ನಾನು ಪಿಟೀಲು ನುಡಿಸುತ್ತಿದ್ದಾಗ ದೊರೆ ಬಂದು ನನ್ನ ಮುಂದೆ ಕುಳಿತ. ಎಡಗಡೆಗೆ ಕತ್ತು ವಾಲಿಸಿದ. ಕಣ್ಣು ಅರೆಮುಚ್ಚಿದ. ಆಮೇಲೆ ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿ, ಕಡೆಗೆ ಒಮ್ಮೆ ಜೋರಾಗಿ ಕೊಡವಿದ. ಆ ಉದ್ದ ಕಿವಿಗಳು ಕೆನ್ನೆಗೆ ಫಟ ಫಟ ಫಟ ಎಂದು ಬಡಿದವು. ನನ್ನ ಕೈಯಲ್ಲಿದ್ದ ಕಮಾನು ನಿಂತುಹೋಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪ್ರಾಣಿ ನನ್ನ ಸಂಗೀತಕ್ಕೆ ತಲೆದೂಗಿತ್ತು! ತಲೆದೂಗುವುದೂ ಅವನೇ, ಚಪ್ಪಾಳೆಯೂ ಅವನದೇ. ನಾನು ಅವನ ಕಿವಿಯ ಬುಡವನ್ನು ತುರಿಸಿದೆ. ಅವನು ನನ್ನ ಕೈಗೆ ತಲೆ ಒತ್ತಿ 'ಹೂಂ...' ಎಂದು ನರಳಿದ. ಇನ್ನೊಂದು ಆಗಲಿ ಎಂಬುದಲ್ಲದೆ ಅದಕ್ಕೆ ಬೇರೆ ಏನು ಅರ್ಥ?

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ನುಡಿಸುವುದು, ಅವನು ತಲೆದೂಗುವುದು, ನಾನು ಕಿವಿ ತುರಿಸುವುದು. ಕೆಲವು ದಿನಗಳಲ್ಲಿ ಅವನು ಹಿಂಗಾಲಿನಿಂದ ಎಡಗಿವಿಯ ಹತ್ತಿರ ಟಪಟಪ ಎಂದು ತಾಳ ಹಾಕಲೂ ಶುರುಮಾಡಿದ.

"ರೀ, ನಾಯಿ ಯಾಕೋ ತಲೆ ಕೊಡವ್ತಾನೇ ಇರತ್ತೆ" ಎಂದಳು ನನ್ನವಳು.

"ಕೊಡವ್ತಿಲ್ಲ ಕಣೇ, ತಲೆದೂಗ್ತಿದೆ."

"ನಿಮ್ಮ ಪಿಟೀಲಿಗಾ?"

"ಮತ್ತೇನು, ನಿನ್ನ ಕುಕ್ಕರ್ ಸೀಟಿಗಾ?"

"ಕುಕ್ಕರ್ ಆದ್ರೂ ಶ್ರುತೀಲಿ ಕೂಗತ್ತೆ" ಎಂದು ಅವಳು ಹೊರಟುಹೋದಳು.

ಇದು ಅಸೂಯೆ ಎಂದು ನಾನು ಸುಮ್ಮನಾದೆ. ಆದರೆ ಅವಳು ಸುಮ್ಮನಾಗುವ ಜಾತಿಯಲ್ಲ. ಎರಡು ದಿನ ಬಿಟ್ಟು ಮತ್ತೆ ಬಂದಳು. "ಬಾಗಿಲ ಹತ್ರ ಇರೋ ಕಾಲೊರಸಿಗೆ ಕಿವಿ ಉಜ್ತಾ ಇದ್ದ. ಆಮೇಲೆ ಅವನ ಹತ್ರ ಹೋದ್ರೆ ಏನೋ ಹುಳಿಹುಳಿ ವಾಸನೆ ರೀ."

"ಕಾಲೊರಸು ಒಗೆದು ಎಷ್ಟು ದಿನ ಆಯ್ತು?"

ಕಾಲೊರಸು ಒಗೆದಾಯಿತು. ವಾಸನೆ ಹೋಗಲಿಲ್ಲ. ನನ್ನ ಕಾಲುಚೀಲಗಳ ಮೇಲೆ ಅನುಮಾನ ಬಂತು, ಅವೂ ಒಗೆಯಲ್ಪಟ್ಟವು. ಬೀರುವಿನ ಹಿಂದೆ ಇಲಿ ಸತ್ತಿರಬಹುದೆಂದು ನಾನೇ ಬೀರು ಎಳೆದು ಸೊಂಟ ಹಿಡಿಸಿಕೊಂಡೆ. ಇಷ್ಟಾದರೂ ದೊರೆಯ ಕಿವಿಯೊಂದನ್ನು ಎತ್ತಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಹೊಳೆದಿತ್ತು. ಎತ್ತಿ ನೋಡಿದರೆ ಎಲ್ಲಿ ನನ್ನ ಒಬ್ಬನೇ ರಸಿಕ ಕೈತಪ್ಪಿಹೋಗುತ್ತಾನೋ ಎಂದು ಒಳಗೊಳಗೇ ಭಯ. ಅವಳು ಡಾಕ್ಟರ ಮಾತೆತ್ತಿದಾಗೆಲ್ಲ "ಇನ್ನೊಂದು ವಾರ ನೋಡೋಣ" ಎನ್ನುತ್ತಿದ್ದೆ.

ಆ ಒಂದು ವಾರದಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಅಚ್ಚುಕೂಟದಲ್ಲಿ ಮಿಷನ್ನಿನ ಸದ್ದನ್ನೂ ಮೀರಿ ದೊರೆಯ ರಸಿಕತೆಯನ್ನು ಸಾರಿದೆ. ಮಾಲೀಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು "ನಾಯಿಯಾ?" ಎಂದು ಕೂಗಿದರು.

"ಹೌದು ಸಾರ್, ನಾಯಿ!"

"ನಿಮ್ಮ ಪಿಟೀಲಿಗಾ?" (ಎಲ್ಲರಿಗೂ ಇದೇ ಪ್ರಶ್ನೆ ಯಾಕೆ ಬರುತ್ತಿತ್ತೋ!)

"ಬಂದು ನೋಡಿ ಸಾರ್!"

ಶನಿವಾರ ಸಂಜೆ ಬರುತ್ತೇನೆಂದರು. ಅದೇ ಉಮೇದಿನಲ್ಲಿ ಕಿಟಕಿ ಮೇಷ್ಟ್ರನ್ನೂ ಕರೆದೆ. "ನಾಯಿ ಹ್ಯಾಗೆ ತಡ್ಕೊಳ್ಳತ್ತೆ ಅಂತ ನೋಡೋ ಆಸೆ ನಂಗೂ ಇದೆ" ಎಂದು ಅವರೂ ಒಪ್ಪಿದರು.

ಶನಿವಾರ ಸಂಜೆ ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಆಗಮಿಸಿದರು. ಮೇಷ್ಟ್ರು ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಆರಿಸಿಕೊಂಡರು. ನಾನು ಪೆಟ್ಟಿಗೆ ತೆರೆದು ಕಮಾನು ಎಳೆದೆ. ದೊರೆ ಬಂದ. ಕುಳಿತ. ಕತ್ತು ಎಡಕ್ಕೆ ವಾಲಿತು. ಮಾಲೀಕರು "ಅರೆ!" ಎಂದರು. ದೊರೆ ಮೆಲ್ಲಗೆ ತಲೆ ಆಡಿಸಿದ. ಮೇಷ್ಟ್ರ ಬಾಯಿ ತೆರೆದುಕೊಂಡಿತು. ಆ ಕ್ಷಣದಲ್ಲಿ ನನ್ನಷ್ಟು ಸುಖಿ ಈ ಭೂಮಂಡಲದಲ್ಲಿ ಇನ್ನೊಬ್ಬನಿರಲಿಲ್ಲ.

ಆಮೇಲೆ ದೊರೆ ಚಪ್ಪಾಳೆಗೆ ಶುರುಮಾಡಿದ. ಫಟ ಫಟ ಫಟ! ಅಂದು ಅವನು ನಿಲ್ಲಿಸಲೇ ಇಲ್ಲ. ಕೊಡವಿದ ರಭಸಕ್ಕೆ ಏನೋ ಒಂದು ಹಾರಿ ಮಾಲೀಕರ ಬಿಳಿ ಅಂಗಿಯ ಮೇಲೆ, ಸರಿಯಾಗಿ ಜೇಬಿನ ಹತ್ತಿರ, ಕಂದುಬಣ್ಣದ ಚುಕ್ಕಿಯಾಗಿ ಕುಳಿತಿತು. ಮಾಲೀಕರು ದೊಡ್ಡಮನುಷ್ಯರು, ನೋಡದವರಂತೆ ನಕ್ಕು "ಬಾರೋ ರಸಿಕ" ಎಂದು ದೊರೆಯ ತಲೆ ಸವರಿ, ಪ್ರೀತಿಯಿಂದ ಎಡಗಿವಿ ಹಿಡಿದರು.

ದೊರೆ ಕಿರುಚಿದ. ಅಂಥ ಸದ್ದು ನಾನು ಅವನ ಬಾಯಿಂದ ಕೇಳಿರಲಿಲ್ಲ. ಕಿರುಚಿ, ಬಾಲ ಮುದುರಿ, ನನ್ನ ಕುರ್ಚಿಯ ಕೆಳಗೆ ನುಗ್ಗಿ ಗುರ್ ಎಂದ. ಮೇಷ್ಟ್ರು ಬಾಗಿಲು ದಾಟಿಯಾಗಿತ್ತು.

ಕಾಫಿಯ ತಟ್ಟೆ ಹಿಡಿದು ಬಂದ ನನ್ನವಳು ಅದನ್ನು ನನ್ನ ಪಿಟೀಲಿನ ಪೆಟ್ಟಿಗೆಯ ಮೇಲೆ ಇಟ್ಟು, ನೆಲದ ಮೇಲೇ ಕುಳಿತಳು. "ಬಾ ಕಂದ, ಏನಾಯ್ತು, ಬಾ" ಎಂದು ಅವನನ್ನು ಈಚೆಗೆ ಕರೆದು ಮೆತ್ತಗೆ ಎಡಗಿವಿ ಎತ್ತಿದಳು. ಒಳಗೆ ಕೆಂಪಗೆ ಊದಿಕೊಂಡಿತ್ತು. ಕಾಫಿಪುಡಿಯ ಗಷ್ಟಿನಂಥದ್ದು ಮಡಿಕೆಮಡಿಕೆಯಲ್ಲೂ ಮೆತ್ತಿತ್ತು. ಇಡೀ ಮನೆಯಲ್ಲಿ ನಾವು ಹುಡುಕಿದ್ದ ಆ ಹುಳಿವಾಸನೆ ಅಲ್ಲಿಂದಲೇ ಬರುತ್ತಿತ್ತು. ಬಲಗಿವಿ ಎತ್ತಿದಳು. ಅದು ಚೊಕ್ಕಟವಾಗಿತ್ತು.

"ನೋಡ್ರೀ" ಎಂದಳು ನನ್ನ ಕಡೆ ತಿರುಗಿ. "ನಿಮ್ಮ ಸಂಗೀತಕ್ಕೆ ತಲೆದೂಗಿದ್ದಲ್ಲ ಇದು. ನೋವು. ಎಷ್ಟು ದಿನದಿಂದ ಬಾಯಿ ಬಡ್ಕೊಳ್ತಿದೀನಿ!"

ಬಾಗಿಲಾಚೆಯಿಂದ ಮೇಷ್ಟ್ರು "ಸ್ವಲ್ಪ ಎಣ್ಣೆ ಬೆಚ್ಚಗೆ ಮಾಡಿ ಬಿಡಿ, ಸರಿಹೋಗತ್ತೆ" ಎಂದರು. ನಾನು ಎಣ್ಣೆ ತರಲು ಎದ್ದೆ, ಜತೆಗೆ ಒರೆಸಲು ಬೆಂಕಿಕಡ್ಡಿಗೆ ಹತ್ತಿ ಸುತ್ತಲೂ ಹೊರಟೆ.

"ಕೂತ್ಕೊಳ್ಳಿ ಸುಮ್ಮನೆ" ಎಂದಳು. "ಒಳಗೆ ಏನಾಗಿದೆ ಅಂತ ಗೊತ್ತಿಲ್ದೆ ಎಣ್ಣೆ ಬಿಡೋದು, ಕಡ್ಡಿ ಹಾಕೋದು ಯಾವುದೂ ಬೇಡ. ಹಗ್ಗ ತನ್ನಿ, ಡಾಕ್ಟ್ರ ಹತ್ರ ಹೋಗೋಣ. ಈಗಲೇ."

ಮಾಲೀಕರು ತಮ್ಮ ಗಾಡಿಯಲ್ಲೇ ನಮ್ಮನ್ನು ಕರೆದೊಯ್ದರು. ಅಂಗಿಯ ಮೇಲಿನ ಚುಕ್ಕಿಯ ಬಗ್ಗೆ ಅಂದೂ, ಅದಾದ ಮೇಲೂ ಒಂದು ಮಾತಾಡಲಿಲ್ಲ. ಅವರ ಬಗ್ಗೆ ನಾನು ಆಗಾಗ ಏನೇನೋ ಆಡಿಕೊಂಡಿದ್ದೆ, ಅದನ್ನೆಲ್ಲ ಆ ಗಾಡಿಯಲ್ಲೇ ಹಿಂದಕ್ಕೆ ತಗೊಂಡೆ.

ಪ್ರಾಣಿಗಳ ಡಾಕ್ಟರು ಒಬ್ಬ ಹೆಂಗಸು. ದಪ್ಪ ಜಡೆ, ಚುರುಕು ಮಾತು. ದೊರೆಯನ್ನು ಮೇಜಿನ ಮೇಲೆ ಹತ್ತಿಸಿಕೊಂಡು, ತುದಿಯಲ್ಲಿ ದೀಪವಿದ್ದ ಒಂದು ಸಣ್ಣ ಉಪಕರಣದಿಂದ ಮೊದಲು ಒಳ್ಳೆಯ ಕಿವಿ, ಆಮೇಲೆ ನೋವಿನ ಕಿವಿ ನೋಡಿದರು.

"ಎಷ್ಟು ದಿನದಿಂದ ತಲೆ ಕೊಡವ್ತಿದೆ?"

"ಕೊಡವೋದು ಅಂತಲ್ಲ ಡಾಕ್ಟ್ರೇ" ಎಂದೆ ಮೆಲ್ಲಗೆ. "ನಾನು ಪಿಟೀಲು ನುಡಿಸೋವಾಗ ಒಂಥರಾ..."

"ನುಡಿಸದೆ ಇರೋವಾಗ?"

ನುಡಿಸದೆ ಇರುವಾಗ ನಾನು ಅವನ ಕಡೆ ನೋಡಿರಲಿಲ್ಲ.

"ಆಗಲೂ ಕೊಡವತ್ತೆ" ಎಂದಳು ನನ್ನವಳು. "ಬೆಳಗ್ಗೆ ಎದ್ದಾಗಿಂದ. ಇವರಿಗೆ ಸಂಜೆ ಹೊತ್ತು ಮಾತ್ರ ಕಾಣತ್ತೆ."

ಡಾಕ್ಟರಮ್ಮ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಉದ್ದ ಕಿವಿ, ಒಳಗೆ ಗಾಳಿ ಆಡಲ್ಲ. ಅದರ ಜತೆ ನೀರು ಸೇರ್ಕೊಂಡು ಒಳಗೇ ನಿಂತಿದೆ. ಸೋಂಕಾಗಿದೆ. ಸ್ನಾನ ಯಾರು ಮಾಡಿಸ್ತೀರಾ?"

ನನ್ನವಳು ನನ್ನನ್ನೇ ನೋಡಿದಳು. ದೊರೆ ಕೂಡ ನನ್ನನ್ನೇ ನೋಡಿದನೆಂದು ನನಗೆ ಇಂದಿಗೂ ಅನುಮಾನ.

"ಕಿವಿಯ ತಮಟೆ ಇನ್ನೂ ಚೆನ್ನಾಗಿದೆ, ಪುಣ್ಯ" ಎಂದರು ಡಾಕ್ಟರಮ್ಮ. "ಹೀಗೇ ಬಿಟ್ಟಿದ್ರೆ ಒಳಗಡೆಗೆ ಇಳೀತಿತ್ತು. ಕಿವಿ ಕೇಳದೇ ಹೋಗ್ತಿತ್ತು. ತಲೆ ಕೊಡವೋದು, ಒಂದೇ ಕಡೆ ವಾಲೋದು, ಕಿವಿ ಕೆರ್ಕೊಳ್ಳೋದು, ವಾಸನೆ, ಇದರಲ್ಲಿ ಒಂದು ಕಂಡ್ರೂ ತಡ ಮಾಡ್ಬಾರ್ದು. ಅವು ಬಾಯಿ ಬಿಟ್ಟು ಹೇಳಲ್ಲ, ನಾವೇ ನೋಡ್ಬೇಕು."

ನಾನು ದೊರೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಅವನು ನಡುಗುತ್ತಿದ್ದ. ದಿನಾ ಸಂಜೆ ನನ್ನ ಬಳಿ ಬಂದು ತಲೆ ಒತ್ತುತ್ತಿದ್ದದ್ದು ಇಷ್ಟನ್ನು ಹೇಳಲಿಕ್ಕೆ. ನಾನು ಅದಕ್ಕೆ ಇನ್ನೊಂದು ರಾಗ ಬಾರಿಸಿದ್ದೆ. ಇಷ್ಟು ವರ್ಷ ಊರವರ ತಪ್ಪನ್ನೆಲ್ಲ ಕೆಂಪು ಮಸಿಯಲ್ಲಿ ಗುರುತು ಹಾಕಿದವನಿಗೆ ಮನೆಯ ನಾಯಿಯ ನೋವು ಕಾಣಲಿಲ್ಲವಲ್ಲ ಎಂದು ಬಹಳ ನಾಚಿಕೆಯಾಯಿತು.

ಆಮೇಲೆ ಔಷಧೋಪಚಾರದ ಪರ್ವ. ಮೊದಲು ಕಿವಿ ತೊಳೆಯುವ ಒಂದು ದ್ರವ ಬಿಟ್ಟು, ಕಿವಿಯ ಬುಡವನ್ನು ಹೊರಗಿನಿಂದ ಮೆತ್ತಗೆ ನೀವಬೇಕು. ಒಳಗೆ ಪಿಚಕ್ ಪಿಚಕ್ ಎನ್ನುತ್ತದೆ. ಆಮೇಲೆ ಅವನು ಕೊಡವಲು ಬಿಡಬೇಕು, ಹೊರಗೆ ಬಂದದ್ದನ್ನಷ್ಟೇ ಹತ್ತಿಯಲ್ಲಿ ಒರೆಸಬೇಕು. ಕಡ್ಡಿಗಿಡ್ಡಿ ಒಳಗೆ ಹಾಕಕೂಡದು. ಕಡೆಗೆ ಔಷಧಿಯ ಹನಿ. ಹೇಳುವುದಕ್ಕೆ ಸುಲಭ. ನಾನು ಹಿಡಿದುಕೊಳ್ಳುವವನು, ಅವಳು ಹನಿ ಬಿಡುವವಳು, ದೊರೆ ತಪ್ಪಿಸಿಕೊಳ್ಳುವವನು. ಮೊದಲ ದಿನ ಹನಿಗಳೆಲ್ಲ ನನ್ನ ಮೀಸೆಗೆ ಬಿದ್ದವು. ಎರಡನೆಯ ದಿನ ಅವನು ಕೊಡವಿದಾಗ ಅದುವರೆಗೆ ಒಳಗಿದ್ದದ್ದೆಲ್ಲ ನನ್ನ ಕನ್ನಡಕಕ್ಕೆ ಬಂತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಂದ್ರೆ!"

"ಗಟ್ಟಿಯಾಗೇ ಹಿಡ್ಕೊಂಡಿದೀನಿ!"

"ಅದು ನನ್ನ ಕೈ ರೀ!"

ಕಡೆಗೆ ನನ್ನವಳೇ ಉಪಾಯ ಕಂಡುಹಿಡಿದಳು. ಒಂದು ತಗಡಿನ ಡಬ್ಬಿಯಲ್ಲಿ ಒಂದು ಪಕ್ಕಕ್ಕೆ ಹತ್ತಿ, ಇನ್ನೊಂದು ಪಕ್ಕಕ್ಕೆ ಕಾಗದದಲ್ಲಿ ಸುತ್ತಿದ ಬಿಸ್ಕತ್ತು. ಹನಿ ಬಿಟ್ಟಾದ ಮೇಲೆ ಅವನ ಗಲ್ಲ ಹಿಡಿದು "ಕಿರುಚಲಿಲ್ಲ, ಕಚ್ಚಲಿಲ್ಲ, ಜಾಣ!" ಎಂದು ಒಂದು ಬಿಸ್ಕತ್ತು ಕೊಡುತ್ತಿದ್ದಳು. ಸ್ನಾನದ ಇಲಾಖೆಯೂ ನನ್ನ ಕೈಯಿಂದ ಅವಳಿಗೆ ವರ್ಗವಾಯಿತು. ಸ್ನಾನಕ್ಕೆ ಮುಂಚೆ ಕಿವಿಯ ಬಾಯಿಗೆ ಹಗುರವಾಗಿ ಹತ್ತಿ ಇಡುವುದು, ಮುಗಿದ ಮೇಲೆ ತೆಗೆದು ಕಿವಿ ಒರೆಸುವುದು, ಒಂದು ಬಿಸ್ಕತ್ತು. ನೀರಿಗೆ ಕಿರಿದಾದ ಬಾಯಿಯ ಪಾತ್ರೆ ಬಂತು, ಕಿವಿಗಳು ಹೊರಗೇ ಉಳಿದವು. ಅವಳು ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಔಷಧಿ ಹಾಕುತ್ತಿದ್ದ ಆ ಸಂಜೆಗಳು ನನ್ನ ಕಣ್ಣಿಗೆ ಕಟ್ಟಿದಂತಿವೆ. ಆಗ ನಾವಿಬ್ಬರೂ ಒಟ್ಟಿಗೆ ನೆಲದ ಮೇಲೆ ಕುಳಿತು ಒಂದೇ ಕೆಲಸ ಮಾಡುತ್ತಿದ್ದೆವು, ಜಗಳವಾಡುತ್ತಾ.

ಡಾಕ್ಟರಮ್ಮ ಮತ್ತೊಮ್ಮೆ ನೋಡಿ ಕಿವಿ ಪೂರ್ತಿ ವಾಸಿಯಾಗಿದೆ ಎಂದರು. ನನಗೂ ಒಂದು ಆಸೆ ಉಳಿದಿತ್ತು. ನೋವಿಗೆ ತಲೆ ಕೊಡವಿದ್ದು ನಿಜ, ಆದರೆ ಜತೆಗೆ ಸ್ವಲ್ಪವಾದರೂ ಸಂಗೀತವೂ ಹಿಡಿಸಿರಬಾರದೇಕೆ? ಆ ಸಂಜೆ ಪೆಟ್ಟಿಗೆ ತೆಗೆದೆ. ದೊರೆ ಬಂದು ಕುಳಿತ. ನನ್ನ ಎದೆ ಹಿಗ್ಗಿತು. ಕಮಾನು ಎಳೆದೆ. ಅವನ ಕತ್ತು ನೆಟ್ಟಗೆ ಇತ್ತು. ಎರಡು ಕಿವಿಯಲ್ಲೂ ಈಗ ಸ್ವಚ್ಛವಾಗಿ ಕೇಳುತ್ತಿತ್ತಲ್ಲ, ಒಂದು ಸಾಲು ಪೂರ್ತಿ ಕೇಳಿದ. ಎದ್ದು ಒಳಗೆ ಹೋದ. ಬಾಯಲ್ಲಿ ಹತ್ತಿಯ ಡಬ್ಬಿ ಕಚ್ಚಿಕೊಂಡು ಬಂದು ನನ್ನವಳ ಮುಂದಿಟ್ಟು, ಕಿವಿ ಮುಂದೆ ಮಾಡಿ ಕುಳಿತ.

ನನ್ನವಳು ನಕ್ಕು ನಕ್ಕು ಗೋಡೆಗೆ ಒರಗಿದಳು. ಎದುರುಮನೆಯ ಕಿಟಕಿಯೂ ಸ್ವಲ್ಪ ತೆರೆದುಕೊಂಡಿತು.

"ಬಿಸ್ಕತ್ತಿಗೆ ಬಂದಿದಾನೆ ಕಣೇ!" ಎಂದು ನಾನು ವಾದಿಸಿದೆ.

"ಹತ್ತಿ ಹಾಕ್ತೀನಿ, ಬಿಸ್ಕತ್ತೂ ಕೊಡ್ತೀನಿ. ಯಾವುದು ಸಿಕ್ಕಿದ ಮೇಲೆ ಅವನ ಮುಖ ಅರಳತ್ತೆ ನೋಡೋಣ" ಎಂದಳು. ನಾನು ಆ ಪರೀಕ್ಷೆಗೆ ಒಪ್ಪಲಿಲ್ಲ.

ಆದರೂ ಅವನು ನನ್ನ ಕೈಬಿಡಲಿಲ್ಲ. ಅದಾದ ಮೇಲೆ ಎಷ್ಟೋ ವರ್ಷ ನಾನು ನುಡಿಸುವಾಗಲೆಲ್ಲ ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ಮಲಗಿರುತ್ತಿದ್ದ. ಮುಗಿಸಿ ಪೆಟ್ಟಿಗೆಯ ಚಿಲಕ ಹಾಕಿದ ಶಬ್ದಕ್ಕೆ ಎದ್ದು ಬಂದು ಕೈಗೆ ತಲೆ ಒತ್ತುತ್ತಿದ್ದ. ನಾನು ಕಿವಿ ಎತ್ತಿ ನೋಡಿ, ಮೂಸಿ, ಆಮೇಲೆ ತುರಿಸುತ್ತಿದ್ದೆ. ಅವನಿಗೆ ವಯಸ್ಸಾಯಿತು, ಮೂತಿ ಬೆಳ್ಳಗಾಯಿತು. ಒಂದು ಬೆಳಿಗ್ಗೆ ಅದೇ ಹೊಸ್ತಿಲ ಮೇಲೆ ಮಲಗಿದ್ದವನು ಏಳಲಿಲ್ಲ. ನಾನು ಪಿಟೀಲನ್ನು ಬೀರುವಿನ ಮೇಲಿಟ್ಟೆ. ಇಬ್ಬರೂ ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಇದೆಲ್ಲ ಹಳೆಯ ಮಾತು. ಈಗ ನನಗೆ ನಿವೃತ್ತಿಯಾಗಿದೆ, ಮೊದಲೇ ಹೇಳಿದಂತೆ ಸುತ್ತಮುತ್ತಲಿನವರೆಲ್ಲ ಗೊಣಗುವವರಾಗಿದ್ದಾರೆ. ಹೋದ ತಿಂಗಳು ಒಂದು ಸಂಜೆ ನನ್ನವಳು ತಾನಾಗಿಯೇ ಕಪ್ಪು ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ನನ್ನ ಮುಂದಿಟ್ಟಳು. ಏನೋ ಗೊಣಗಿದಳು. "ಏನಂದೆ?" ಎಂದೆ.

"ನುಡಿಸಿ ಅಂದೆ!"

ನಾನು ನನ್ನ ಕಿವಿಯನ್ನೇ ನಂಬಲಿಲ್ಲ. (ಅದನ್ನು ನಂಬದಿದ್ದುದು ಎಷ್ಟು ಸರಿಯೆಂದು ಮುಂದೆ ತಿಳಿಯಿತು.) ನುಡಿಸಿದೆ. ಬಹಳ ಇಂಪಾಗಿತ್ತು, ಮೊದಲಿಗಿಂತ ಮೃದು. ಎದುರಿಗೆ ಕುಳಿತಿದ್ದ ನನ್ನವಳು ಕತ್ತನ್ನು ಎಡಕ್ಕೆ ವಾಲಿಸಿದಳು. ಕಣ್ಣು ಅರೆಮುಚ್ಚಿದಳು. ಮೆಲ್ಲಗೆ ತಲೆದೂಗಿದಳು! ಮದುವೆಯಾಗಿ ಇಷ್ಟು ವರ್ಷಕ್ಕೆ!

"ಚೆನ್ನಾಗಿತ್ತಾ?" ಎಂದೆ.

"ಎಡಗಿವಿ ಯಾಕೋ ಒಂಥರಾ ಆಗ್ತಿದೆ ರೀ" ಎಂದಳು ಜೋರಾಗಿ. "ಡಾಕ್ಟ್ರ ಹತ್ರ ಹೋಗ್ಬೇಕು."

ದೊರೆಯ ಪಾಠ ನಾನು ಮರೆಯುವವನಲ್ಲ. ಒಂದು ವಾರ ನೋಡೋಣ ಎನ್ನಲಿಲ್ಲ. ಎದ್ದು ಅವಳ ಕಿವಿ ಹಿಡಿದು, ಹಿಂದಕ್ಕೆ ಮಡಿಸಿ, ಮೂಸಿದೆ.

"ಥೂ! ನಾನೇನು ನಾಯೀನಾ?"

"ವಾಸನೆ ಇಲ್ಲ, ಕೆಂಪಾಗಿಲ್ಲ. ಆದ್ರೂ ತಡ ಮಾಡ್ಬಾರ್ದು, ನಡಿ" ಎಂದು ಮರುದಿನವೇ ಕಿವಿಯ ಡಾಕ್ಟರ ಬಳಿಗೆ ಕರೆದೊಯ್ದೆ.

ಡಾಕ್ಟರು ಅವಳ ಎರಡೂ ಕಿವಿ ನೋಡಿದರು. "ನಿಮ್ಮ ಕಿವಿ ತುಂಬಾ ಚೆನ್ನಾಗಿದೆಯಮ್ಮ" ಎಂದರು. ಆಮೇಲೆ ಅವಳು ಅವರತ್ತ ಬಗ್ಗಿ ಏನೋ ಗೊಣಗಿದಳು. ಅವರು ನನ್ನತ್ತ ತಿರುಗಿ ಏನೋ ಗೊಣಗಿದರು. ನಾನು ಕತ್ತು ಎಡಕ್ಕೆ ವಾಲಿಸಿ "ಏನಂದ್ರಿ?" ಎಂದೆ.

"ನೋಡಿದ್ರಾ ಡಾಕ್ಟ್ರೇ, ಹೀಗೇ!" ಎಂದಳು ನನ್ನವಳು, ಆ ಹಳೆಯ ಕಂಠದಲ್ಲಿ. "ಒಂದು ವರ್ಷದಿಂದ ಹೀಗೇ ವಾಲ್ತಿದಾರೆ. ಟೀವಿ ಮುಂದೆಯೂ ಹೀಗೇ. ಡಾಕ್ಟ್ರ ಹತ್ರ ಬನ್ನಿ ಅಂದ್ರೆ ಜನ ಗೊಣಗ್ತಾರೆ ಅಂತಾರೆ. ನನ್ನ ಕಿವಿಗೆ ಅಂದಿದ್ದಕ್ಕೆ ಎದ್ದು ಬಂದ್ರು, ಅವರ ಕಿವಿಗೆ ಅಂದಿದ್ರೆ ಬರ್ತಿರ್ಲಿಲ್ಲ."

ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಕಿವಿಯೊಳಗೆ ದೀಪ ಬಿಟ್ಟು ನೋಡಿ ಒಮ್ಮೆ ಸಿಳ್ಳೆ ಹಾಕಿದರು (ಆ ಸಿಳ್ಳೆಯೂ ನನಗೆ ಸರಿಯಾಗಿ ಕೇಳಲಿಲ್ಲ). ಹಿಂದಿನಿಂದ ನನ್ನವಳು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡೂ ಕಿವಿಗಳಿಂದ ಕಲ್ಲಾಗಿದ್ದ ಗುಗ್ಗೆಯ ಎರಡು ಗಟ್ಟಿಗಳನ್ನು ಹೊರತೆಗೆದು ಅವರು ತಟ್ಟೆಯಲ್ಲಿಟ್ಟರು.

ಹೊರಗೆ ಬಂದರೆ ಪ್ರಪಂಚ ಕೂಗುತ್ತಿತ್ತು! ನನ್ನ ಚಪ್ಪಲಿ ಚಟಚಟ ಎನ್ನುತ್ತಿತ್ತು. ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರನ್ನು ಕಿವಿ ತೂತುಬೀಳುವಂತೆ ಹೇಳಿದ. ನನ್ನವಳು ಪಕ್ಕದಲ್ಲಿ "ನಿಧಾನ ಇಳೀರಿ" ಎಂದಳು. ಎಷ್ಟು ಮೆತ್ತಗಿನ ದನಿ ಅವಳದು! ನಾನು ಅದನ್ನು ಮರೆತೇ ಹೋಗಿದ್ದೆ.

ಮನೆಗೆ ಬಂದವನೇ ಸಂಭ್ರಮದಿಂದ ಪಿಟೀಲು ಎತ್ತಿಕೊಂಡು ಒಮ್ಮೆ ಕಮಾನು ಎಳೆದೆ. ಕೂಡಲೇ ನಿಲ್ಲಿಸಿದೆ. ಅದು ನನ್ನ ಪಿಟೀಲೇ ಎಂದು ತಿರುಗಿಸಿ ನೋಡಿದೆ. ಇನ್ನೊಮ್ಮೆ ಎಳೆದೆ. ಹೊಸ್ತಿಲ ಕಡೆ ನೋಡಿದೆ. ಇಷ್ಟನ್ನು ಕೇಳುತ್ತಾ ಎಷ್ಟೋ ವರ್ಷ ಅರ್ಧವಾದರೂ ಒಳಗೇ ಮಲಗಿದ್ದನಲ್ಲ ಆ ಮಹಾನುಭಾವ! ಅವನಿಗೆ ಕ್ಷಮೆ ಕೇಳಬೇಕೆನಿಸಿತು. ಅಪ್ಪನ ಪಿಟೀಲಿಗಾಗಿ ಅವಳು ಅತ್ತದ್ದೂ ಆಗ ಅರ್ಥವಾಯಿತು.

"ಯಾಕೆ ನಿಲ್ಲಿಸಿದ್ರಿ? ನುಡಿಸಿ, ನಂಗೆ ಅಭ್ಯಾಸ ಇದೆ" ಎಂದಳು ಅಡಿಗೆಮನೆಯಿಂದ.

"ಆ ಹತ್ತಿ ಡಬ್ಬಿ ಇನ್ನೂ ಇದೆಯೇನೇ?"

"ಇದೆ. ಯಾಕೆ, ನಾಯಿ ತರ್ತೀರಾ?"

"ಇಲ್ಲ ಕಣೇ. ನಂಗೇ ಬೇಕು."

ಅವಳು ಡಬ್ಬಿ ತಂದಳು. ಬಣ್ಣ ಹೋಗಿತ್ತು, ಮುಚ್ಚಳದ ಅಂಚಿನಲ್ಲಿ ದೊರೆಯ ಹಲ್ಲಿನ ಗುರುತು ಹಾಗೇ ಇತ್ತು. ಒಳಗೆ ಒಂದು ಪಕ್ಕ ಹತ್ತಿ, ಇನ್ನೊಂದು ಪಕ್ಕ ಕಾಗದದಲ್ಲಿ ಸುತ್ತಿದ ಬಿಸ್ಕತ್ತು, ಅವತ್ತೇ ತಂದದ್ದು. ನಾನು ಹತ್ತಿಗೆ ಕೈ ಹಾಕುವ ಮೊದಲೇ ಅವಳು ಒಂದು ಬಿಸ್ಕತ್ತು ತೆಗೆದು, ನನ್ನ ಗಲ್ಲ ಹಿಡಿದು ಬಾಯಿಗಿಟ್ಟಳು.

"ಕಿರುಚಲಿಲ್ಲ, ಕಚ್ಚಲಿಲ್ಲ" ಎಂದಳು. "ಜಾಣ!"